ಗಡಿಕಲ್ಲಿನ ಈಚೆಗೆ

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದೆ ಎಂದರೆ ಜನ ಮೊದಲು ಕೇಳುವುದು, ಹುಲಿ ನೋಡಿದ್ದೀರಾ ಎಂದು. ನಾನು ಓಡಾಡಿದ ಕಾಡುಗಳಲ್ಲಿ ಹುಲಿಯ ಮಾತೇ ಅಪರೂಪ. ಅಲ್ಲಿ ನಾನು ದಿನಾ ಕಂಡದ್ದು ಕೊಡಲಿಯನ್ನು. ಸೀರೆಯ ಮಡಿಲಲ್ಲಿ ಬಚ್ಚಿಟ್ಟು ತಂದ ಕೊಡಲಿ, ನಾವು ಕಿತ್ತುಕೊಂಡು ಆಫೀಸಿನ ಮೂಲೆಯಲ್ಲಿ ರಾಶಿ ಹಾಕಿದ ಕೊಡಲಿ, ನನ್ನ ಕೈಯಲ್ಲೇ ಇದ್ದ ಕೊಡಲಿ.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹೆಣ್ಣುಮಕ್ಕಳು ನ್ಯಾಮತಿಯ ನಮ್ಮ ಮನೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಖಾಕಿ, ಹೊಸ ಬೂಟು. "ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಮೇಡಂ?" ಎಂದು ಕೇಳಿದರು. ಚಹಾ ಕೊಟ್ಟೆ, ಏನೇನೋ ಹೇಳಿದೆ. ಅವರು ಹೋದ ಮೇಲೆ ಹೇಳಬೇಕಾದ್ದು ಬೇರೆಯೇ ಇತ್ತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ವರ್ಗ ಎಲ್ಲೆಲ್ಲಿಗೆ ಆಯಿತು ಎಂಬುದೆಲ್ಲ ಇಲ್ಲಿ ಬೇಡ. ಅದು ಎಲ್ಲರದೂ ಒಂದೇ ಥರ ಇರುತ್ತದೆ.

ಈ ಕೆಲಸ ನನಗೆ ಬಂದದ್ದು ಗಂಡನ ಸಾವಿನಿಂದ. ಅವರು ಚನ್ನಗಿರಿ ಕಡೆ ಗಾರ್ಡ್ ಆಗಿದ್ದರು. ಹೊನ್ನಾಳಿಯಿಂದ ಬಸವಾಪಟ್ಟಣಕ್ಕೆ ಬೈಕಿನಲ್ಲಿ ಬರುವಾಗ, ಜೋಳದ ಲೋಡು ಹೊತ್ತು ರಸ್ತೆ ಬದಿ ನಿಂತಿದ್ದ ಟ್ರಾಕ್ಟರಿಗೆ ಬಡಿದು ಹೋಗಿಬಿಟ್ಟರು. ಅನುಕಂಪದ ಮೇಲೆ ನನಗೆ ಕೆಲಸ ಕೊಟ್ಟರು. "ಹೆಣ್ಣುಮಗಳು, ಆಫೀಸಿನಲ್ಲೇ ಕೂತು ಫೈಲು ನೋಡಿಕೊಳ್ಳಲಿ" ಎಂದು ಆಗಿನ ಸಾಹೇಬರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಆಫೀಸಿನಲ್ಲಿ ಎಲ್ಲರೂ ನನ್ನ ಗಂಡನನ್ನು ಬಲ್ಲವರು. ನನ್ನ ಮುಖ ಕಂಡ ಕೂಡಲೇ ದನಿ ತಗ್ಗಿಸುತ್ತಿದ್ದರು. ಅದನ್ನು ತಡೆದುಕೊಳ್ಳುವುದಕ್ಕಿಂತ ಕಾಡೇ ವಾಸಿ ಎಂದು ಬೀಟ್, ಅಂದರೆ ಕಾಡಿನ ಒಂದು ಭಾಗವನ್ನು ಸುತ್ತಿ ಕಾಯುವ ಕೆಲಸ, ಕೇಳಿ ತೆಗೆದುಕೊಂಡೆ.

ಅಲ್ಲಿ ನನಗೆ ಜೊತೆಯಾದವರು ಬುಡೇನ್ ಸಾಬರು. ದಿನಗೂಲಿ ವಾಚರ್. ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯರು. ಹಿಂದೆ ಇಲಾಖೆಯೇ ತೇಗ ಕಡಿಸುತ್ತಿದ್ದ ಕಾಲದಲ್ಲಿ ಕೊಡಲಿ ಕೆಲಸದ ಗುಂಪಿನಲ್ಲಿದ್ದವರು. ಕಡಿಯುವುದು ನಿಂತ ಮೇಲೆ ಅದೇ ಕಾಡನ್ನು ಕಾಯುವ ಕೆಲಸ ಹಿಡಿದಿದ್ದರು. ಮೊದಲ ದಿನ ನಾನು ಲಾಠಿ ಹಿಡಿದು ಹೊರಟಾಗ ನಕ್ಕರು.

"ಲಾಠಿ ಯಾರಿಗೆ ತಂಗಿ? ಮರಕ್ಕೇನು ಹೊಡೀತೀಯ? ಇದನ್ನ ಹಿಡಿ" ಎಂದು ತಮ್ಮ ಕೊಡಲಿ ಕೊಟ್ಟರು.

ಕಾಡು ಕಾಯುವವರಿಗೆ ಕೊಡಲಿ ಏಕೆ ಎಂದು ನೀವು ಕೇಳಬಹುದು. ಬೇಸಿಗೆಗೆ ಮುಂಚೆ ಬೆಂಕಿ ದಾಟದಂತೆ ಗಡಿಯುದ್ದಕ್ಕೂ ಪೊದೆ ಸವರಬೇಕು. ಗಾಳಿಗೆ ಬಿದ್ದ ಮರವನ್ನು ದಾರಿಯಿಂದ ಸರಿಸಬೇಕು. ಸತ್ತ ಕೊಂಬೆ ಬೇಲಿ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಬುಡೇನ್ ಸಾಬರು ನನಗೆ ಮೊದಲು ನಿಲ್ಲುವುದನ್ನು ಕಲಿಸಿದರು, ಬೀಸುವುದನ್ನು ಆಮೇಲೆ. ಕಾಲು ಅಗಲಿಸಿ, ಕೊಡಲಿ ತಪ್ಪಿದರೂ ಮೊಣಕಾಲಿಗೆ ಬರದಂತೆ. ಮರ ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಿ ಬಾಯಿ ತೆಗೆಯಬೇಕು, ಆಮೇಲೆ ಹಿಂದಿನಿಂದ ಕಡಿಯಬೇಕು. ಕೊಡಲಿಯ ಹಿಡಿಗೆ ದಿಂಡಗದ ಮರದ ಕಾವು ಆದರೆ ಕೈಗೆ ಪೆಟ್ಟು ಹತ್ತುವುದಿಲ್ಲ. ಕೈಯಲ್ಲಿ ಬೊಕ್ಕೆ ಎದ್ದು ಒಡೆದು, ಮತ್ತೆ ಎದ್ದು, ಆಮೇಲೆ ಗಟ್ಟಿಯಾಯಿತು. ಗಂಡ ಹೋದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದದ್ದು ಆ ದಿನಗಳಲ್ಲೇ.

ಕಡಿಯುವ ಮುಂಚೆ ಅವರು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಮರವನ್ನು ಸುತ್ತು ಹಾಕಿ ಮೇಲೆ ನೋಡುವುದು, ಆಮೇಲೆ ಕೊಡಲಿಯ ಹಿಂಬದಿಯಿಂದ ಬುಡ ತಟ್ಟಿ ಕಿವಿ ಕೊಡುವುದು. ಒಮ್ಮೆ ಮುಂಗಾರಿಗೆ ಮುಂಚಿನ ಗಾಳಿಗೆ ಬಸವಾಪಟ್ಟಣದ ಕಡೆಯ ರಸ್ತೆಗೆ ದೊಡ್ಡ ಮತ್ತಿ ಮರ ಅಡ್ಡ ಬಿದ್ದಿತು. ಎರಡೂ ಕಡೆ ಬಸ್ಸುಗಳು ನಿಂತಿದ್ದವು. ಮೆಷಿನ್ ಗರಗಸದವನು ಆಗಲೇ ಬಂದು ಮೋಟಾರು ಶುರುಮಾಡಿದ್ದ. ಬುಡೇನ್ ಸಾಬರು ಹೋಗಿ ಬಿದ್ದ ಮರದುದ್ದಕ್ಕೂ ತಟ್ಟಿಕೊಂಡು ಬಂದು ಒಂದು ಕಡೆ ನಿಂತರು.

"ಮೋಟಾರ್ ಬಂದ್ ಮಾಡಪ್ಪಾ. ಇದರಾಗೆ ಯಾರೋ ಅದಾರೆ" ಎಂದರು.

ಬಸ್ಸಿನವರು ಗೊಣಗಿದರು. ಕಂಡಕ್ಟರು ಬಂದು, "ಯಜಮಾನ್ರೆ, ಜನ ಕಾಯ್ತಾ ಅದಾರೆ, ಬೇಗ ತೆಗೀರಿ" ಎಂದ. ಬುಡೇನ್ ಸಾಬರು ಅಲ್ಲೇ ಕುಕ್ಕರಿಸಿದರು. ಕೊಡಲಿಯ ತುದಿಯಿಂದ ತೊಗಟೆ ಸುಲಿದಂತೆ ಸ್ವಲ್ಪ ಸ್ವಲ್ಪವೇ ಕಡಿದು ಪೊಟರೆಯ ಬಾಯಿ ಬಿಡಿಸಿದರು. ಒಳಗೆ ಗೂಬೆಯ ಮರಿಗಳು, ಮೈಮೇಲಿನ ಬಿಳಿ ತುಪ್ಪಳ ಇನ್ನೂ ಉದುರಿರಲಿಲ್ಲ. ನೋಡಲು ಇಳಿದಿದ್ದ ಒಬ್ಬರು, "ಥೂ, ಅಪಶಕುನ" ಎಂದರು. ಬುಡೇನ್ ಸಾಬರು ಮರಿಗಳನ್ನು ತಲೆಯ ಟವಲಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಾ, "ನಮ್ ಕೆಲ್ಸಕ್ಕೆ ಶಕುನ ಇಲ್ರೀ" ಎಂದರು. ಪಕ್ಕದ ಮರದ ಪೊಟರೆಯಲ್ಲಿ ಬಿಟ್ಟು ಬಂದೆವು. ಸಂಜೆಗೆ ತಾಯಿ ಬಂದು ಕೂತಿತ್ತು. ಗರಗಸದವನಿಗೆ ಉಳಿದದ್ದನ್ನು ಕತ್ತರಿಸಲು ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ಮೆಷಿನ್ನು ಕೆಟ್ಟದ್ದು ಎನ್ನುವವಳು ನಾನಲ್ಲ. ಅದು ಬಂದ ಮೇಲೆ ನಮ್ಮ ಸೊಂಟ ಉಳಿಯಿತು. ತಟ್ಟಿ ನೋಡುವುದನ್ನು ಮಾತ್ರ ಅದು ಮಾಡುವುದಿಲ್ಲ, ನೀವೇ ಮಾಡಬೇಕು.

ಬುಡೇನ್ ಸಾಬರಿಂದ ಕಲಿತ ಇನ್ನೊಂದು ಮಾತು ಹೇಳುತ್ತೇನೆ. ಕಳ್ಳತನದಲ್ಲಿ ಕಡಿದ ಬುಡ ಸಿಕ್ಕಾಗ ನಾನು ಬುಡವನ್ನು ನೋಡುತ್ತಿದ್ದೆ. ಅವರು ನೆಲ ನೋಡುತ್ತಿದ್ದರು. "ಚಕ್ಕೆ ಆರಿಸು ತಂಗಿ. ಕಡಿದೋನ ಕೈ ಎಷ್ಟು ಉದ್ದ, ಕೊಡಲಿ ಎಷ್ಟು ಅಗಲ, ಅವನಿಗೆ ಅವಸರ ಎಷ್ಟಿತ್ತು, ಎಲ್ಲಾ ಚಕ್ಕೆ ಹೇಳ್ತೈತೆ." ಕೂತು ಆರಿಸಿ ಆರಿಸಿ ನನಗೂ ಅದು ತಿಳಿಯುತ್ತಾ ಬಂತು. ನನಗೆ ಜಗಳೂರಿಗೆ ವರ್ಗವಾದ ವರ್ಷವೇ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ. ಬೇಸಿಗೆ, ಬೆಂಕಿಯ ಕಾಲ, ರಜೆ ಇರಲಿಲ್ಲ.

ಜಗಳೂರು ಕಡೆಯ ಕಾಡು ಕಂಡಾಗ ಮೊದಲು, ಇದನ್ನೂ ಕಾಡು ಎನ್ನುತ್ತಾರಾ ಅನ್ನಿಸಿತ್ತು. ಕುರುಚಲು ಗುಡ್ಡ, ಕಮರ, ಕಾರೆ, ಜಾಲಿ, ಬಂಡೆ. ನೆರಳು ಹುಡುಕಿಕೊಂಡು ಕೂರಬೇಕು. ಆದರೆ ಕೂತರೆ ಕಾಣಿಸುತ್ತದೆ. ಅಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ, ನಾಯಿಗಿಂತ ಸ್ವಲ್ಪ ಎತ್ತರ, ಬಲು ನಾಚಿಕೆಯ ಪ್ರಾಣಿ. ಅದನ್ನು ಉಳಿಸಲೆಂದೇ ಗುಡ್ಡದ ಒಂದು ಭಾಗಕ್ಕೆ ಸುಣ್ಣ ಬಳಿದ ಗಡಿಕಲ್ಲು ನೆಟ್ಟು ಅಭಯಾರಣ್ಯ ಮಾಡಿದ್ದರು. ಕೊಂಡುಕುರಿ ಹಿಕ್ಕೆ ಹಾಕಲು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದೆ. ಅಂಥ ಒಂದು ಜಾಗದ ಹತ್ತಿರ ಗಾಳಿಗೆದುರಾಗಿ ಕೂತು ಎಷ್ಟೋ ಬೆಳಗು ಕಳೆದಿದ್ದೇನೆ. ಬರುವುದು ಒಂದೇ ಗಂಡು ಎಂದು ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಮರಕ್ಕೆ ಕಟ್ಟುವ ಕ್ಯಾಮೆರಾ ಬಂತು. ನೋಡಿದರೆ ಬರುತ್ತಿದ್ದದ್ದು ಎರಡು, ಒಂದರ ಕಿವಿ ಹರಿದಿತ್ತು. ಕಣ್ಣಿಗೂ ಅಭ್ಯಾಸದಿಂದ ಮಂಪರು ಕವಿಯುತ್ತದೆ ಎಂದು ಆವತ್ತು ಗೊತ್ತಾಯಿತು.

ಓಬಮ್ಮ ನನಗೆ ಸಿಕ್ಕಿದ್ದು ಅಲ್ಲೇ. ಗುಡ್ಡದ ಬುಡದ ಹಳ್ಳಿಯವಳು. ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಅರ್ಧ ಕಾಲ ಊರೂರು ತಿರುಗುವವನು. ಇವಳು ಸೌದೆ ಆಯ್ದು ಮನೆಗೂ ಇಟ್ಟುಕೊಂಡು ಚಹಾದಂಗಡಿಗಳಿಗೂ ಹಾಕುತ್ತಿದ್ದಳು. ಆಗ ನಮ್ಮ ಮೇಲಿದ್ದ ಸಾಹೇಬರಿಗೆ ಕೊಡಲಿ ಎಷ್ಟು ಸಿಕ್ಕವು ಎಂಬುದೇ ಕೆಲಸದ ಅಳತೆ. ನಾನು ಗಡಿಕಲ್ಲಿನ ಒಳಗೆ ಓಬಮ್ಮನನ್ನೂ ಜೊತೆಯವಳೊಬ್ಬಳನ್ನೂ ಹಿಡಿದೆ. ಕೊಡಲಿ ಕಿತ್ತುಕೊಂಡೆ.

ಜೊತೆಯವಳು ನನ್ನ ಮುಖಕ್ಕೇ, "ನೀವೂ ಹಳ್ಳಿ ಹೆಂಗಸೇ ಅಲ್ಲೇನ್ರಿ? ಕುಲಕ್ಕೆ ಮೃತ್ಯು ಕೊಡಲಿ ಕಾವು ಅಂತ ಸುಮ್ನೆ ಅಂದಿಲ್ಲ" ಎಂದಳು.

ಓಬಮ್ಮ ಬೈಯಲಿಲ್ಲ. "ಕೊಡಲಿ ಒಯ್ದ್ರೆ ಸೌದೆ ಏನು ಹಲ್ಲಾಗೆ ಕಡೀಲೇನ್ರಿ ಗಾರ್ಡಮ್ಮ? ಎಲ್ಲಿಗೆ ಹೋಗ್ಬೇಕು ಅದನ್ನಾದ್ರೂ ಹೇಳ್ರಿ" ಎಂದಳು.

ಅದು ನ್ಯಾಯವಾದ ಮಾತು. ಅವಳನ್ನು ಕರೆದುಕೊಂಡು ಗಡಿಕಲ್ಲುಗಳ ಸಾಲಿನುದ್ದಕ್ಕೂ ನಡೆದೆ. ಆಚೆಗೆ ಅಭಯಾರಣ್ಯ, ಈಚೆಗೆ ಹಳ್ಳಿಯ ಗೋಮಾಳ, ನಡುವೆ ಅಲ್ಲಲ್ಲಿ ಒಣಗಿದ ಹಳ್ಳ. "ಕಲ್ಲಿನ ಈಚೆಗೆ ಒಣಗಿದ್ದು ಎಷ್ಟು ಬೇಕಾದ್ರೂ ಆಯ್ಕೋ. ಆಚೆಗೆ ಒಣಗಿದ್ದೂ ಬೇಡ, ಹಸಿದೂ ಬೇಡ. ಮಾತು ಕೊಡ್ತೀಯಾ?" ಎಂದೆ. ಕೊಟ್ಟಳು. ನಾನು ಕೊಡಲಿ ವಾಪಸು ಕೊಟ್ಟೆ. ಚಿಕ್ಕದು, ಹೆಂಗಸರ ಕೈಗೆ ಒಗ್ಗುವ ಗಿಡ್ಡ ಕಾವಿನದು, ಅಲಗಿನ ಒಂದು ತುದಿ ಮುರಿದಿತ್ತು. ಮುಂದೆ ಎಷ್ಟೋ ವರ್ಷ ಅವಳು ಆಚೆಗೆ ಕಾಲಿಟ್ಟದ್ದನ್ನು ನಾನು ನೋಡಲಿಲ್ಲ. ಕಾಡಿನ ಸುದ್ದಿ ಮಾತ್ರ ಹೇಳುತ್ತಿದ್ದಳು. ಎಲ್ಲಿ ಹೊಗೆ ಕಂಡಿತು, ಯಾವ ಹುತ್ತವನ್ನು ಕರಡಿ ಅಗೆದಿದೆ, ಯಾವ ಕಕ್ಕೆ ಮರದ ಕೆಳಗೆ ಅದು ಕಾಯಿ ತಿಂದು ಹೋಗಿದೆ ಎಂದು.

ಒಂದು ವರ್ಷ ಯುಗಾದಿ ಮುಗಿದಿತ್ತು. ಬೆಳಿಗ್ಗೆ ನಾನು ನೀರಿನ ತೊಟ್ಟಿ ತುಂಬಿಸುತ್ತಿದ್ದಾಗ ಫೋನು ಬಂತು. ಓಬಮ್ಮನ ಮೇಲೆ ಕರಡಿ ಬಿದ್ದಿದೆ, ಅವಳನ್ನು ಊರವರು ದಾವಣಗೆರೆಯ ಆಸ್ಪತ್ರೆಗೆ ಸಾಗಿಸಿದ್ದಾರೆ, ಕರಡಿ ಗುಡ್ಡದಲ್ಲಿ ಸತ್ತು ಬಿದ್ದಿದೆ ಎಂದು.

ನಾನು ಹೋಗುವ ಹೊತ್ತಿಗೆ ಜನ ಸೇರಿದ್ದರು. ಕರಡಿ ಗಡಿಕಲ್ಲಿನಿಂದ ಸಾಕಷ್ಟು ಒಳಗೆ, ಎರಡು ಬಂಡೆಗಳ ನಡುವೆ ಮುಖ ಅಡಿಯಾಗಿ ಬಿದ್ದಿತ್ತು. ಕುತ್ತಿಗೆಯಲ್ಲಿ ಕೊಡಲಿ ಏಟು. ಅದರಿಂದ ನಾಲ್ಕು ಮಾರು ದೂರದಲ್ಲಿ ಒಂದು ದಿಂಡಗದ ಮರವನ್ನು ಹಸಿಹಸಿಯಾಗಿ ಕಡಿದು ಒಯ್ದಿದ್ದರು. ಬುಡದ ಸುತ್ತ ಚಕ್ಕೆ ಬಿದ್ದಿತ್ತು. ಸತ್ತ ಕರಡಿಗಿಂತ ಆ ಬುಡ ನನ್ನನ್ನು ಹೆಚ್ಚು ನೋಯಿಸಿತು ಎಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಓಬಮ್ಮ ಮಾತು ತಪ್ಪಿದಳಾ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ರೇಂಜರ್ ಸಾಹೇಬರು ಬಂದರು. ಆಗಿನವರು ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು, ತಾಳ್ಮೆಯವರು. ಜನರನ್ನು ದೂರ ಕಳಿಸಿ ನನ್ನನ್ನು ಪಕ್ಕಕ್ಕೆ ಕರೆದರು.

"ಹಾಲಮ್ಮನವರೇ, ಒಂದು ಮಾತು ಸ್ಪಷ್ಟ ಇರಲಿ. ಜೀವ ಉಳಿಸಿಕೊಳ್ಳೋಕೆ ಹೊಡೆದಿದ್ರೆ ಕಾಯ್ದೇಲಿ ಅದು ಅಪರಾಧ ಅಲ್ಲ. ಆದರೆ ಹೊಡೆಯೋ ಹೊತ್ತಿಗೆ ಅವಳು ಅಭಯಾರಣ್ಯದೊಳಗೆ ಮರ ಕಡೀತಿದ್ದಳು ಅಂತಾದ್ರೆ ಆ ರಕ್ಷಣೆ ಇಲ್ಲ. ಜೈಲಿಗೆ ಹೋಗ್ತಾಳೆ. ಎಲ್ಲಿ ನಡೀತು, ಏನು ಮಾಡ್ತಿದ್ದಳು, ಇವೆರಡೇ ಪ್ರಶ್ನೆ."

"ನನಗೂ ಅದೇ ಬೇಕು ಸರ್" ಎಂದೆ.

ಜಗಳೂರಿನಿಂದ ಬಂದಿದ್ದ ಪ್ರಾಣಿಪ್ರಿಯರೊಬ್ಬರು ಆಗಲೇ ಬುಡದ ಫೋಟೋ ತೆಗೆದು, ಮರಗಳ್ಳಿ ಕರಡಿ ಕೊಂದಳು ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಊರಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ಕೊಡಲಿ ವಿಷ್ಯ ಬರೀಬ್ಯಾಡ್ರಿ. ಕರಡಿ ಬಂಡೆ ಮ್ಯಾಲಿಂದ ಬಿದ್ದು ಸತ್ತೈತೆ ಅಂತ ಬರದ್ರೆ ಮುಗೀತು. ಬಡವಿ, ಬದುಕ್ಕಂತಾಳೆ" ಎಂದರು.

ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಚಕ್ಕೆ ಆರಿಸಿದೆ. ಅಂಗೈ ಅಗಲದ ಚಕ್ಕೆಗಳು, ಒಂದೊಂದು ಏಟಿಗೂ ಆಳಕ್ಕೆ ಇಳಿದದ್ದು. ಉದ್ದ ಕಾವಿನ ದೊಡ್ಡ ಕೊಡಲಿ, ಎತ್ತರದ ಆಳು, ಪೂರ್ತಿ ಬೀಸು. ಅಂಚು ಆಗಲೇ ಒಣಗಿ ಮೇಲಕ್ಕೆ ಬಾಗುತ್ತಿತ್ತು. ಬಿಸಿಲೆಷ್ಟೇ ಇದ್ದರೂ ಆ ಬೆಳಗಿನದು ಹಾಗೆ ಬಾಗುವುದಿಲ್ಲ. ಓಬಮ್ಮನ ಕೊಡಲಿಗೆ ಮುರಿದ ತುದಿ. ಅದು ಕಡಿದ ಪ್ರತಿ ಚಕ್ಕೆಯ ಮೇಲೂ ಒಂದು ಗೀರು ಇರಬೇಕಿತ್ತು. ಯಾವುದರ ಮೇಲೂ ಇರಲಿಲ್ಲ.

ಸಾಹೇಬರಿಗೆ ತೋರಿಸಿದೆ. ಅವರು ಒಪ್ಪಿದರು, ಆದರೆ, "ಇದರಿಂದ ಈ ಮರ ಅವಳು ಕಡೀಲಿಲ್ಲ ಅಂತಾಯ್ತು. ಅವಳು ಇಲ್ಲಿರಲಿಲ್ಲ ಅಂತ ಆಗಲಿಲ್ಲವಲ್ಲ?" ಎಂದರು. ಅದೂ ಸರಿಯೇ. ಆಮೇಲೆ ಅವರೇ ಬಗ್ಗಿ ನೆಲದ ಮೇಲೆ ಬೆರಳಿಟ್ಟರು. ಒಂದು ಕಲ್ಲಿನ ಮೇಲೆ ಕರಿಯಿರುವೆ ಮುತ್ತಿತ್ತು. ರಕ್ತದ ಹನಿ. ಇನ್ನೊಂದು ಸ್ವಲ್ಪ ಕೆಳಗೆ.

ಆ ಹನಿಗಳನ್ನು ಹಿಡಿದು ಇಬ್ಬರೂ ಇಳಿಜಾರಿನಲ್ಲಿ ಹಿಂದಕ್ಕೆ ನಡೆದೆವು. ಕೆಲವು ಕಡೆ ಇರುವೆ ತೋರಿಸಿತು, ಕೆಲವು ಕಡೆ ಹುಲ್ಲಿಗೆ ಒರೆಸಿದ್ದ ಗುರುತು. ಒಂದು ಕಡೆ ಕರಡಿ ಕೂತು ಎದ್ದಿತ್ತು, ಅಲ್ಲಿ ಮಣ್ಣು ನೆನೆದಿತ್ತು. ಗಡಿಕಲ್ಲು ಬಂತು. ಕಲ್ಲಿನ ಸುಣ್ಣದ ಮೇಲೆ ಕೆಂಪಗೆ ಉಜ್ಜಿದ ಗುರುತು. ಅದನ್ನು ದಾಟಿ ಗೋಮಾಳಕ್ಕೆ ಇಳಿದೆವು. ಹಳ್ಳದ ದಂಡೆಯಲ್ಲಿ ಅರ್ಧ ಅಗೆದ ಹುತ್ತ, ಅದರ ಊರ ಕಡೆಯ ಮಗ್ಗುಲಿಗೆ ಕಾರೆ ಪೊದೆ, ಪೊದೆಯ ಈಚೆಗೆ ಬಳ್ಳಿಯಲ್ಲಿ ಬಿಗಿದ ಸೌದೆ ಹೊರೆ. ಹೊರೆಯ ಮೇಲೆ ತಲೆಗಿಡುವ ಸಿಂಬೆ. ಒಂದೇ ಚಪ್ಪಲಿ. ಆಮೇಲೆ ನಾನು ಬರೆಯಲು ಇಷ್ಟಪಡದಷ್ಟು ರಕ್ತ.

ಸಾಹೇಬರು ಹೊರೆ ಬಿಚ್ಚಿಸಿದರು. ಎಲ್ಲವೂ ಒಣಗಿದ್ದು, ಬೂದು ಬಣ್ಣಕ್ಕೆ ತಿರುಗಿದ್ದು, ಬಹಳಷ್ಟು ಕೈಯಲ್ಲೇ ಮುರಿದದ್ದು. ಕಡಿದ ಎರಡು ಮೂರು ಕೊಂಬೆಗಳ ಕಚ್ಚಿನಲ್ಲಿ ಮುರಿದ ತುದಿಯ ಗೀರು ಇತ್ತು. ನಡೆದದ್ದು ಈಗ ಕಣ್ಣಿಗೆ ಕಟ್ಟಿತು. ಕರಡಿ ಹುತ್ತ ಅಗೆಯುತ್ತಿತ್ತು, ಇವಳು ಪೊದೆಯ ಈಚೆ ಹೊರೆ ಕಟ್ಟುತ್ತಿದ್ದಳು, ಗಾಳಿ ಗುಡ್ಡದಿಂದ ಇಳಿಯುತ್ತಿತ್ತು. ಇವಳ ವಾಸನೆ ಅದಕ್ಕೆ ಹತ್ತಲಿಲ್ಲ. ಎದ್ದು ನಿಂತಾಗ ಮುಖಕ್ಕೆ ಮುಖ.

"ಕೊಡಲಿ ಎಲ್ಲಿ?" ಎಂದರು ಸಾಹೇಬರು. ಅಲ್ಲಿರಲಿಲ್ಲ.

ಓಬಮ್ಮನ ಮೈದುನ ತಿಪ್ಪೇಶಿ ಅವಳನ್ನು ಎತ್ತಿಕೊಂಡು ಹೋದವರಲ್ಲಿ ಒಬ್ಬ. ಅವನ ಮನೆಗೆ ಹೋದೆ. ಗೊತ್ತಿಲ್ಲ ಎಂದ. ನಾನು ಜಗಲಿಯ ಮೇಲೆ ಕೂತೆ.

"ತಿಪ್ಪೇಶಿ, ನೀನು ಅದನ್ನ ಬಚ್ಚಿಟ್ಟಿದ್ದು ಅವಳನ್ನ ಉಳಿಸಾಕೆ ಅಂತ ನಂಗೆ ಗೊತ್ತೈತೆ. ಆದ್ರೆ ಮೇಲೆ ಗುಡ್ಡದಾಗೆ ಯಾರೋ ಹಸಿ ಮರ ಕಡ್ದವ್ರೆ. ಕೊಡಲಿ ಸಿಗ್ಲಿಲ್ಲ ಅಂದ್ರೆ ಆ ಮರ ಅವಳ ತಲೆಗೆ ಬರ್ತೈತೆ. ಕೊಡಲಿ ಸಿಕ್ರೆ ಬರಲ್ಲ."

"ಕೊಟ್ಟ ಮ್ಯಾಲೆ ಅದನ್ನೇ ಸಾಕ್ಷಿ ಮಾಡಿ ಒಳಗೆ ಹಾಕಿದ್ರೆ?"

"ಆಗ ಊರಿನವ್ರೆಲ್ಲ ಬಂದು ನನ್ನನ್ನ ಕೇಳ್ರಿ. ನಾನು ಎಲ್ಲಿಗೂ ಓಡಿಹೋಗಲ್ಲ."

ಅವನು ಬಾಗಿಲಾಚೆ ಒಮ್ಮೆ ಇಣುಕಿ ನೋಡಿದ. ಆಮೇಲೆ ಹಿತ್ತಲಿನ ಶೇಂಗಾ ಹೊಟ್ಟಿನ ರಾಶಿಗೆ ಕೈ ಹಾಕಿ ಕೊಡಲಿ ತೆಗೆದು ಕೊಟ್ಟ. ಅಲಗಿಗೆ ಕರಡಿಯ ಕೂದಲು ಅಂಟಿತ್ತು. ಸಾಹೇಬರು ಅದನ್ನು ದೊಡ್ಡ ಚಕ್ಕೆಗಳ ಪಕ್ಕದಲ್ಲೂ ಹೊರೆಯ ಕೊಂಬೆಗಳ ಪಕ್ಕದಲ್ಲೂ ಇಟ್ಟು ಫೋಟೋ ತೆಗೆಸಿದರು. ಪ್ರಾಣಿಪ್ರಿಯರನ್ನೂ ಕರೆದು ತೋರಿಸಿದರು. ಅವರು ಎಲ್ಲ ನೋಡಿ, ಫೋನು ತೆಗೆದು, ಮುಂಚೆ ಹೇಳಿದವರಿಗೆ, ತಾವು ತಪ್ಪು ತಿಳಿದಿದ್ದಾಗಿ ಅಲ್ಲೇ ಹೇಳಿದರು.

ಇಷ್ಟಕ್ಕೆ ನನ್ನ ಮನಸ್ಸು ಹಗುರವಾಗಬೇಕಿತ್ತು. ಮರಣೋತ್ತರ ಪರೀಕ್ಷೆಗೆ ಒಯ್ಯಲು ಗಾಡಿ ಬಂದು, ಕರಡಿಯನ್ನು ಮಗ್ಗುಲಿಗೆ ಹೊರಳಿಸಿದಾಗ ನಾನು ನೋಡಿದೆ. ಮೊಲೆಗಳು ತುಂಬಿದ್ದವು, ತೊಟ್ಟಿನ ಸುತ್ತ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಬೆನ್ನಿನ ಕೂದಲು ಎರಡು ಕಡೆ ಸಿಕ್ಕುಗಟ್ಟಿ ತಗ್ಗಾಗಿತ್ತು. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಆ ತಗ್ಗು ಮರಿಗಳು ಕೂರುವ ಜಾಗ.

"ಸರ್, ಇದಕ್ಕೆ ಮರಿ ಅದಾವೆ. ಇಲ್ಲೇ ಎಲ್ಲೋ ಅದಾವೆ. ಸಂಜೆವರೆಗೆ ಇದನ್ನ ತೆಗೀಬ್ಯಾಡ್ರಿ" ಎಂದೆ.

ಮೇಲಿನಿಂದ ಅವರಿಗೆ ಫೋನಿನ ಮೇಲೆ ಫೋನು ಬರುತ್ತಿತ್ತು. ಬಿಸಿಲಿಗೆ ಹೆಣ ಕೆಡುತ್ತದೆ ಎಂದು ಗಾಡಿಯ ಜೊತೆ ಬಂದಿದ್ದ ಪಶುವೈದ್ಯ ಡಾಕ್ಟರು ಹೇಳಿದರು. ಸಾಹೇಬರು ಬಂಡೆಗಳ ಕಡೆ ಒಮ್ಮೆ ನೋಡಿ, ಗಾಡಿಯನ್ನು ವಾಪಸು ಗುಡ್ಡದ ಬುಡಕ್ಕೆ ಕಳಿಸಿದರು. ಜನರನ್ನೆಲ್ಲ ಇಳಿಸಿದರು. ನಾನು, ಅವರು, ಡಾಕ್ಟರು, ಒಬ್ಬ ವಾಚರ್ ಪೊದೆಯ ಮರೆಯಲ್ಲಿ ಕೂತೆವು.

ಹೊತ್ತು ಇಳಿಯುತ್ತಾ ಬಂಡೆಯ ಸಂದಿಯಿಂದ ಒಂದು ಸದ್ದು ಬಂತು. ಜೇನು ಗುಂಯ್‌ಗುಟ್ಟಿದ ಹಾಗೆ. ಆಮೇಲೆ ಮರಿಗಳು ಹೊರಬಂದವು, ಎರಡು. ಒಂದು ಮುಂದೆ, ಇನ್ನೊಂದು ಅದರ ಹಿಂದೆ ಎಡವುತ್ತಾ. ನೇರ ತಾಯಿಯ ಹತ್ತಿರ ಬಂದವು. ಮುಂದಿನದು ಅಭ್ಯಾಸದಂತೆ ಬೆನ್ನು ಹತ್ತಲು ನೋಡಿತು. ಮಲಗಿದ ತಾಯಿಯ ಬೆನ್ನು ಸಿಗದೆ ಪಕ್ಕೆಯ ಮೇಲಿಂದ ಜಾರಿತು, ಮತ್ತೆ ಹತ್ತಿತು. ಹಿಂದಿನದು ಮೊಲೆಗೆ ಬಾಯಿ ಹಾಕಿತು. ಸಾಹೇಬರು ಮುಖ ಆಚೆ ತಿರುಗಿಸಿಕೊಂಡರು. ನಾವು ಕೂಡಲೇ ಏಳಲಿಲ್ಲ. ಅದು ಕುಡಿಯುವಷ್ಟು ಕುಡಿಯಲಿ ಎಂದು ಡಾಕ್ಟರು ಕೈ ಅಡ್ಡ ಹಿಡಿದಿದ್ದರು.

ಕಂಬಳಿ ಹಾಕಿ ಎರಡನ್ನೂ ಹಿಡಿದೆವು. ಚಿಕ್ಕದಕ್ಕೆ ಶಕ್ತಿ ಇರಲಿಲ್ಲ, ಎರಡು ದಿನಕ್ಕೆ ಸತ್ತಿತು. ಇನ್ನೊಂದು ನನ್ನ ಮುಂಗೈಯನ್ನು ಪರಚಿ ಸೀಳಿತು. ಹೆಣ್ಣು ಮರಿ. ಅದನ್ನು ಅನಾಥ ಕರಡಿಗಳನ್ನು ಸಾಕುವ ಕೇಂದ್ರಕ್ಕೆ ಕಳಿಸಿದರು.

ಓಬಮ್ಮನನ್ನು ನೋಡಲು ಬಿಡುವಷ್ಟಾದಾಗ ದಾವಣಗೆರೆಗೆ ಹೋದೆ. ಎಡಗಣ್ಣು ಹೋಗಿತ್ತು. ಆ ಕಡೆಯ ಕೆನ್ನೆಯನ್ನು ಹೊಲಿದಿದ್ದರು. ಮಾತು ಸ್ಪಷ್ಟ ಇರಲಿಲ್ಲ. ಕೇಸು ಆಗುವುದಿಲ್ಲ, ಸಾಹೇಬರು ಬರೆದು ಕಳಿಸಿದ್ದಾರೆ, ಪರಿಹಾರಕ್ಕೂ ಅರ್ಜಿ ಹಾಕಿದ್ದೇವೆ ಎಂದು ಹೇಳಿದೆ.

"ನಾನು ಕಲ್ಲು ದಾಟಿರ್ಲಿಲ್ಲ ಗಾರ್ಡಮ್ಮ" ಎಂದಳು.

"ಗೊತ್ತು. ನೋಡಿದೆ."

ಅವಳು, "ಅದರ ಬೆನ್ನ ಮ್ಯಾಲೆ ಕೂಸು ಇದ್ವು. ಹೊಡ್ದ ಮ್ಯಾಲೆ ಕಂಡ್ವು ನಂಗೆ. ಮದ್ಲೇ ಕಂಡಿದ್ರೆ..." ಎಂದು ನಿಲ್ಲಿಸಿದಳು. "ಏನಾದ್ವು?"

ಪಕ್ಕದ ಹಾಸಿಗೆಯವರು, ಆಮೇಲೆ ಹೇಳಿ ಎಂಬಂತೆ ನನಗೆ ಸನ್ನೆ ಮಾಡಿದರು. ನನಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಒಂದು ಉಳಿದಿದೆ, ಒಂದು ಹೋಯಿತು ಎಂದೆ. ಅವಳು ಉಳಿದ ಕಣ್ಣು ಮುಚ್ಚಿಕೊಂಡಳು.

ಅಂದು ನಾನು ಆ ಕೊಡಲಿ ವಾಪಸು ಕೊಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಬಹಳ ಸಲ ಯೋಚಿಸಿದ್ದೇನೆ. ಕರಡಿ ಬದುಕಿರುತ್ತಿತ್ತು, ಎರಡು ಮರಿಯೂ ಇರುತ್ತಿದ್ದವು. ಓಬಮ್ಮ ಇರುತ್ತಿರಲಿಲ್ಲ. ಕೊಟ್ಟದ್ದು ಸರಿ ಎಂದೇ ಈಗಲೂ ನಂಬಿದ್ದೇನೆ. ಆದರೆ ಸರಿಯಾದದ್ದನ್ನು ಮಾಡಿದ ಮೇಲೂ ಸತ್ತದ್ದು ಸತ್ತೇ ಇರುತ್ತದೆ. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ನಾನು ಚಹಾ ಕೊಟ್ಟಾಗ ಹೇಳಲಾಗದೆ ಉಳಿದ ಮಾತು ಇದು. ಆ ದಿಂಡಗದ ಮರ ಕಡಿದವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅಂಥವೂ ಉಳಿಯುತ್ತವೆ.

ಓಬಮ್ಮ ಮತ್ತೆ ಸೌದೆಗೆ ಹೋಗಲಿಲ್ಲ. ಗ್ಯಾಸ್ ಬಂತು, ಮಗ್ಗುಲ ಮನೆಯವರ ಜೊತೆ ಶೇಂಗಾ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ನಿವೃತ್ತಳಾಗುವ ವರ್ಷ ಒಂದು ದಿನ ಕ್ವಾರ್ಟರ್ಸಿಗೆ ಬಂದಳು. "ನೀವು ಹೋದ ಮ್ಯಾಲೆ ನಂಗೆ ಕೇಳಾಕೆ ಯಾರೂ ಇರಲ್ಲ. ಆ ಮರಿ ಇರೋ ಕಡಿಗೆ ಒಂದ್ಸಲ ಕರ್ಕಂಡು ಹೋಗ್ರಿ" ಎಂದಳು.

ಸಾಹೇಬರಿಂದ ಹೇಳಿಸಿ ಅನುಮತಿ ತೆಗೆದುಕೊಂಡೆ. ಇಬ್ಬರೂ ಬಸ್ಸು ಬದಲಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವಳು ಎಡಗೆನ್ನೆಯ ಮೇಲೆ ಸೆರಗು ಎಳೆದುಕೊಂಡೇ ಕೂತಿದ್ದಳು. ಅಲ್ಲಿ ಕರಡಿ ನೋಡಿಕೊಳ್ಳುವವನು ಬೇಲಿಯ ಹತ್ತಿರ ಕರೆದೊಯ್ದು ಕಲ್ಲಂಗಡಿ ಹಣ್ಣಿನ ಹೋಳು ಒಳಗೆ ಎಸೆದು ಕೂಗಿದ. ಗಿಡಗಳ ನಡುವಿನಿಂದ ಅದು ಬಂತು. ಪೂರ್ತಿ ಬೆಳೆದ ಹೆಣ್ಣು ಕರಡಿ, ಎದೆಯ ಮೇಲೆ ಬಿಳಿ ಪಟ್ಟೆ. ಹಣ್ಣು ಹಿಡಿದು ಮೂತಿ ಎತ್ತಿ ನಮ್ಮ ಕಡೆ ಗಾಳಿ ಮೂಸಿತು.

ಓಬಮ್ಮ ಮುಖದ ಮೇಲಿನ ಸೆರಗು ಸರಿಸಿದಳು. ಬೇಲಿಯ ತಂತಿ ಹಿಡಿದು ಬಹಳ ಹೊತ್ತು ನೋಡಿದಳು.

"ಅವ್ವನ ಮಖನೇ ಬಂದೈತೆ ಇದಕ್ಕೆ" ಎಂದಳು.

ಆ ತಾಯಿಯ ಮುಖವನ್ನು ಜೀವಂತವಾಗಿ ಅಷ್ಟು ಹತ್ತಿರದಿಂದ ಕಂಡವಳು ಅವಳೊಬ್ಬಳೇ. ಕರಡಿ ಹಣ್ಣು ತಿಂದು ಮುಗಿಸಿ ಗಿಡಗಳೊಳಗೆ ಹೋಗುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.